ಬೀಜದ ಮಾತು ಆಗಬಹುದು, ಸುದ್ದಿ ಏಕಾಗಬಾರದು?

ತೆಲಂಗಾಣದ ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಸಂಗಂ ರೇಡಿಯೋ ಗಾಳಿಗೆ ಬಂತು. ಕಟ್ಟಿ ನಡೆಸಿದವರು ದಲಿತ ಹೆಣ್ಣುಮಕ್ಕಳು. ನವಣೆ, ಸಾವೆ ಯಾವಾಗ ಬಿತ್ತಬೇಕು, ಬೂದಿ, ಬೇವಿನ ಸೊಪ್ಪು ಹಾಕಿ ಬೀಜ ಹೇಗೆ ಕಾಯಬೇಕು ಎಂಬುದನ್ನೆಲ್ಲ ಇಂಥ ರೇಡಿಯೋ ಹೇಳಬಹುದು. ಆದರೆ ಊರಿನ ಪಡಿತರ ಅಂಗಡಿಯ ಅಕ್ಕಿ ಎಲ್ಲಿ ಹೋಯಿತೆಂದು ವಿಚಾರಿಸಿ ಸುದ್ದಿ ಓದುವಂತಿಲ್ಲ. ಸಮುದಾಯ ರೇಡಿಯೋಗಳು ಸ್ವಂತ ಸುದ್ದಿ ಬಿತ್ತರಿಸಬಾರದೆಂಬುದು ಕೇಂದ್ರದ ನಿಯಮ. ಈ ನಿಯಮ ಹೋಗಲೇಬೇಕು.

ಇಂಥ ನಿಷೇಧ ಹೊಸದಲ್ಲ. ಅಡುಗೆ, ಕಸೂತಿ, ಕೂಸಿನ ಆರೈಕೆ ನಿಮಗೆ. ರಾಜಕೀಯ ನಮಗೆ: ಹೆಂಗಸರ ಪತ್ರಿಕೆಗಳ ಮುಂದೆ ಎಳೆದ ಗೆರೆ ಇದೇ ಆಗಿತ್ತು. ನಾರ್ವೆಯಲ್ಲಿ ಗೀನಾ ಕ್ರೋಗ್ ಸಂಪಾದಕತ್ವದಲ್ಲಿ 1887ರಲ್ಲಿ ಹೊರಟ ‘ನ್ಯೂಲೆಂಡೆ’ ಆ ಗೆರೆ ದಾಟಿ ಮತದ ಹಕ್ಕು ಕೇಳಿತು. 1913ರಲ್ಲಿ ಅಲ್ಲಿನ ಎಲ್ಲ ಹೆಂಗಸರಿಗೂ ಮತ ಸಿಕ್ಕಿತು. ಅದೇ ವರ್ಷ ನಂಜನಗೂಡಿನ ಬಾಲವಿಧವೆ ತಿರುಮಲಾಂಬಾ ‘ಸತೀಹಿತೈಷಿಣಿ’ ಗ್ರಂಥಮಾಲೆ ತೆರೆದರು. ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಓದು ಬಲ್ಲವರಿಗೆ ಅಚ್ಚು ದಾರಿಯಾಯಿತು. ಅಕ್ಷರವನ್ನೇ ಕೊಡದೆ ಹೊರಗಿಟ್ಟವರಿಗೆ ದಾರಿ ಯಾವುದು?

ಮಾಚನೂರಿನವರು ಅದನ್ನು ದನಿಯಲ್ಲಿ ಕಂಡುಕೊಂಡರು. ಮೈಸೂರು ಮೂಲದ ಪಿ.ವಿ. ಸತೀಶ್ ಅವರ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಜೊತೆಗಿತ್ತು. 1998ರಲ್ಲೇ ಸ್ಟುಡಿಯೋ ಎದ್ದರೂ ಪರವಾನಗಿಗೆ ಹತ್ತು ವರ್ಷ ಕಾಯಬೇಕಾಯಿತು. ಅಷ್ಟು ಕಾಲ ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿಗೆ ತುಂಬಿ ಹಳ್ಳಿಯ ಸಂಘಗಳಲ್ಲಿ, ಅವರ ಮಾತಿನ ‘ಸಂಗಂ’ಗಳಲ್ಲಿ, ಕೇಳಿಸಿದರು.

ಈ ಸೀಮೆಗೆ ಸ್ವಂತ ಸುದ್ದಿ ಬೇರೆಡೆಗಿಂತ ಹೆಚ್ಚು ಬೇಕು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. 1956ರಲ್ಲಿ ಆಂಧ್ರ ಪ್ರದೇಶಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ಕನ್ನಡ, ತೆಲುಗು, ಉರ್ದು ಒಂದೇ ಕಟ್ಟೆಯ ಮೇಲೆ ಕೂರುವ ಈ ಊರುಗಳು ಹೈದರಾಬಾದಿಗೆ ಅಂಚು, ಬೆಂಗಳೂರಿಗೆ ಪರರಾಜ್ಯ. ಇಲ್ಲಿನ ಸುದ್ದಿಯನ್ನು ಇಲ್ಲಿನವರೇ ಹೇಳದಿದ್ದರೆ ಇನ್ಯಾರು ಹೇಳಬೇಕು?

ಗಾಳಿಸುದ್ದಿ ಹಬ್ಬೀತು, ಜಾತಿಜಗಳ ಹೊತ್ತೀತು ಎಂಬ ಅಂಜಿಕೆ ಸುಳ್ಳಲ್ಲ. ಅದಕ್ಕೇ ಪ್ರತಿ ಕಾರ್ಯಕ್ರಮದ ಧ್ವನಿಮುದ್ರಿಕೆಯನ್ನು ಮೂರು ತಿಂಗಳು ಇಟ್ಟಿರಬೇಕೆಂಬ ನಿಯಮವಿದೆ. ತಪ್ಪಾಡಿದರೆ ಹಿಡಿಯಲು ಸಾಕ್ಷಿ ಅಲ್ಲೇ ಇರುತ್ತದೆ. ಪತ್ರಿಕೆ ತಪ್ಪು ಬರೆದರೆ ಕೇಸು ಹಾಕುತ್ತೇವೆ, ಪತ್ರಿಕೆಗಳನ್ನೆಲ್ಲ ಮುಚ್ಚಿಸುವುದಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದಿತು. ಆ ಸಾರ್ವಜನಿಕರಲ್ಲಿ ಮಾಚನೂರಿನ ಕೂಲಿ ಹೆಂಗಸೂ ಇದ್ದಾಳೆ.

ರೇಡಿಯೋ ಜೊತೆಗೆ ಕ್ಯಾಮೆರಾವನ್ನೂ ಹಿಡಿದ ಈ ಹಳ್ಳಿ ಸಂಘಗಳ ಹೆಂಗಸರು, ಮೇಲಿನಿಂದ ಕೆಳಗೆ ನೋಡುವ ದೃಶ್ಯಕ್ಕೆ ‘ಪಟೇಲ್ ಶಾಟ್’ ಎಂದು ಹೆಸರಿಟ್ಟರು. ಸರಿಸಮ ಕೂತು ಕಣ್ಣಿಗೆ ಕಣ್ಣಿಟ್ಟು ನೋಡುವುದಕ್ಕೆ ‘ಸಂಗಂ ಶಾಟ್’. ದಿಲ್ಲಿ ಅವರನ್ನು ನೋಡುತ್ತಿರುವುದು ಪಟೇಲನ ಎತ್ತರದಿಂದ. ಕೆಳಗಿಳಿದು ಚಾಪೆಯ ಮೇಲೆ ಕೂತು ಅವರ ಸುದ್ದಿ ಕೇಳಲಿ.