ಪ್ರಾಣಿಗಳ ವರ್ಣವೇಷ

ಹೊಲದ ಬದುವಿನಲ್ಲಿ ಬೆಳೆಯುವ ಎಕ್ಕದ ಗಿಡಕ್ಕೆ ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಅದರ ಹಾಲಿನಲ್ಲಿ ಹೃದಯದ ಬಡಿತವನ್ನೇ ಕೆಡಿಸಬಲ್ಲ ವಿಷವಿದೆ. ಆದರೆ ಒಂದು ಜಾತಿಯ ಚಿಟ್ಟೆಯ ಮರಿಹುಳುವಿಗೆ ಆ ಎಲೆಯೇ ಮೃಷ್ಟಾನ್ನ. ತಿಂದ ವಿಷವನ್ನು ಮೈಯೊಳಗೆ ಕೂಡಿಟ್ಟುಕೊಂಡ ಹುಳು, ಕಪ್ಪು ಅಂಚಿನ ಕಿತ್ತಳೆ ರೆಕ್ಕೆಯ ಚಿಟ್ಟೆಯಾಗಿ ಹೊರಬರುತ್ತದೆ. ಅದರ ಹಾರಾಟದಲ್ಲಿ ಅವಸರವೇ ಇಲ್ಲ. ಒಮ್ಮೆ ಅದರ ಕಹಿಯನ್ನು ಕಂಡ ಹಕ್ಕಿ ಆ ಬಣ್ಣದ ಗೊಡವೆಗೆ ಮತ್ತೆ ಹೋಗದು.

ಇನ್ನೊಂದು ಚಿಟ್ಟೆಯ ಹುಳು ಗೋಳಿಸೊಪ್ಪನ್ನು ತಿಂದು ಬೆಳೆಯುತ್ತದೆ. ನಾವು ಪಲ್ಯಕ್ಕೆ ಬಳಸುವ ಸೊಪ್ಪದು, ವಿಷವೆಲ್ಲಿಂದ ಬರಬೇಕು? ಆದರೂ ಅದರ ಹೆಣ್ಣು ಎಕ್ಕದ ಚಿಟ್ಟೆಯ ವೇಷವನ್ನೇ ತೊಟ್ಟು ಬದುಕಿಕೊಳ್ಳುತ್ತದೆ. ಗಂಡಿಗೆ ಮಾತ್ರ ಈ ವೇಷವಿಲ್ಲ, ಅದರದು ಕಪ್ಪು ರೆಕ್ಕೆ, ಬಿಳಿಯ ಬೊಟ್ಟು. ಇಂತಹ ಅನುಕರಣೆಯ ಕಾರಣವನ್ನು, ಅಮೆಜಾನ್ ಕಾಡುಗಳಲ್ಲಿ 11 ವರ್ಷ ಕಳೆದ ಹೆನ್ರಿ ಬೇಟ್ಸ್ ಎಂಬ ಆಂಗ್ಲ ವಿಜ್ಞಾನಿ 1862ರಲ್ಲಿ ವಿವರಿಸಿದನು.

ಹಾವುಗಳ ವಿಷಯಕ್ಕೆ ಬಂದಾಗ ಇದು ಬರಿಯ ಸೋಜಿಗವಾಗಿ ಉಳಿಯುವುದಿಲ್ಲ. ಕೊಳಕುಮಂಡಲದ ಕಂದು ಮೈಮೇಲಿನ ಸರಪಣಿಯಂತಹ ಮಚ್ಚೆಗಳು ಒಣಗಿದ ಎಲೆಗಳೊಡನೆ ಬೆರೆತುಹೋಗುತ್ತವೆ. ತಾನು ಕಾಣುವುದಿಲ್ಲವೆಂಬ ಭರವಸೆಯೋ ಏನೋ, ಹೆಜ್ಜೆ ಸಪ್ಪಳವಾದರೂ ಅದು ಬೇಗನೆ ಸರಿಯದು. ಕೊಯ್ಲಿನ ದಿನಗಳಲ್ಲಿ ರೈತರು ಅದನ್ನು ತುಳಿಯುವುದು ಇದರಿಂದಲೇ.

ಕಟ್ಟುಹಾವಿನ ಕಪ್ಪು ಮೈಮೇಲೆ ಬಿಳಿಯ ಪಟ್ಟೆಗಳಿವೆ. ವಿಷವಿಲ್ಲದ ತೋಳಹಾವಿಗೂ ಹೆಚ್ಚುಕಡಿಮೆ ಅವೇ. ಕಟ್ಟುಹಾವಿನ ಪಟ್ಟೆಗಳು ಬಾಲದ ಕಡೆಗೆ ಸ್ಪಷ್ಟ, ತೋಳಹಾವಿನವು ತಲೆಯ ಕಡೆಗೆ ಸ್ಪಷ್ಟ. ಬಲ್ಲವರ ಈ ಗುರುತು ನಿಜವೇ ಆದರೂ, ನಡುರಾತ್ರಿ ದೀಪದ ಬೆಳಕಿನಲ್ಲಿ ಅದನ್ನು ನಂಬುವುದು ತರವಲ್ಲವೆಂದೇ ನಮ್ಮ ಅಭಿಪ್ರಾಯ. ಕಟ್ಟುಹಾವು ಹೆಚ್ಚಾಗಿ ಕಚ್ಚುವುದು ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಅನೇಕ ವೇಳೆ ನೋವೂ ಇಲ್ಲ, ಬಾವೂ ಇಲ್ಲ. ಕೆಲವು ಗಂಟೆಗಳಲ್ಲಿ ರೆಪ್ಪೆಗಳು ಜೋಲುತ್ತವೆ, ಬಳಿಕ ಉಸಿರೇ ನಿಲ್ಲಬಹುದು. ಆದ್ದರಿಂದ "ತೋಳಹಾವೇ ಇದ್ದೀತು" ಎಂದು ಬೆಳಗಿನವರೆಗೆ ಕಾಯದೆ, ಮಂತ್ರ-ಮದ್ದುಗಳಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಹಾವನ್ನು ಕೊಂದು ತರುವ ಅಗತ್ಯವಿಲ್ಲ. ನಮ್ಮ ದೇಶದಲ್ಲಿ ಬಳಸುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಭದ್ರವಾಗಿ ಸಿಕ್ಕಿಸಿಕೊಂಡರೆ ಹಾವು ಒಳನುಸುಳುವುದು ಕಷ್ಟ.