ನರ್ಸ್ ಆದವರು ಪ್ಯಾರಾಮೆಡಿಕ್ ಆದಂತೆಯೇ?

108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಜತೆ ಡಾಕ್ಟರೂ ಬರುತ್ತಾರೆ ಎಂದು ಎಷ್ಟೋ ಜನ ನಂಬಿದ್ದಾರೆ. ಸಾಮಾನ್ಯವಾಗಿ ಬರುವುದಿಲ್ಲ. ಮುಂದೆ ಚಾಲಕ, ಹಿಂದೆ ರೋಗಿಯ ಪಕ್ಕದಲ್ಲಿ ಒಬ್ಬ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ, ಇಷ್ಟೇ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಹೆಸರಿನಲ್ಲಿ ಶುರುವಾದ ಈ ಸೇವೆಯಲ್ಲಿ ನರ್ಸಿಂಗ್ ಓದಿ ಬಂದ ಇಎಂಟಿಗಳು ಬಹಳ ಮಂದಿ ಇದ್ದಾರೆ. ಹಾಗಾದರೆ ನರ್ಸಿಂಗ್ ಓದು ಆಂಬುಲೆನ್ಸಿಗೆ ಸಾಕೇ?

ವಿಜಯಪುರ ಜಿಲ್ಲೆಯ ಆಲಮೇಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಭೀಮಾ ನದಿಯ ಕಡೆಯ ಕಬ್ಬಿನ ಸೀಮೆ. ಇಲ್ಲಿಂದ ಸಿಂದಗಿ ದಾಟಿ ವಿಜಯಪುರದ ಜಿಲ್ಲಾಸ್ಪತ್ರೆ ಮುಟ್ಟಲು ಒಂದು ಗಂಟೆಗೂ ಹೆಚ್ಚು ಬೇಕು. ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಕಟ್ಟು ಹಾವು ಕಚ್ಚಿತು ಎನ್ನಿ. ನೋವು, ಊತ ಅಷ್ಟಾಗಿ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ವಿಷನಿರೋಧಕ ಚುಚ್ಚುಮದ್ದು, ವೆಂಟಿಲೇಟರ್ ಸಿಗುವುದು ಆಸ್ಪತ್ರೆಯಲ್ಲಿ. ಅಲ್ಲಿಯವರೆಗೆ ಮುಖಕ್ಕೆ ಮಾಸ್ಕ್ ಸರಿಯಾಗಿ ಹಿಡಿದು, ಅಂಬು ಬ್ಯಾಗ್ ಒತ್ತುತ್ತಾ ಉಸಿರು ಕೊಡುತ್ತಿದ್ದರೆ ಜೀವ ಉಳಿಯಬಹುದು. ಓಡುವ ಗಾಡಿಯಲ್ಲಿ, ಕುಲುಕಾಡುವ ಸ್ಟ್ರೆಚರ್ ಮೇಲೆ, ಒಬ್ಬರೇ ಈ ಕೆಲಸ ಮಾಡಬೇಕು.

ವಾರ್ಡಿನ ನರ್ಸಿಗೆ ಇದರಲ್ಲಿ ಅರ್ಧ ಗೊತ್ತೇ ಇರುತ್ತದೆ. ರಕ್ತನಾಳಕ್ಕೆ ಸೂಜಿ ಹಾಕುವುದು, ಔಷಧದ ಪ್ರಮಾಣ, ಬಿ.ಪಿ. ಇಳಿಯುತ್ತಿರುವುದನ್ನು ಗುರುತಿಸುವುದು ಅವರ ದಿನನಿತ್ಯದ ಕೆಲಸ. ಹೆರಿಗೆಯ ವಿಷಯದಲ್ಲಂತೂ, ನಮ್ಮ ಅಭಿಪ್ರಾಯದಲ್ಲಿ, ಹೆರಿಗೆ ವಾರ್ಡಿನಲ್ಲಿ ದುಡಿದ ನರ್ಸ್ ಜತೆಗಿದ್ದರೆ ಅದಕ್ಕಿಂತ ಧೈರ್ಯ ಬೇರಿಲ್ಲ. ಗೊತ್ತಿಲ್ಲದಿರುವುದು ರಸ್ತೆಯ ಕೆಲಸ: ಉರುಳಿದ ಟ್ರ್ಯಾಕ್ಟರಿನ ಕೆಳಗಿನಿಂದ ಗಾಯಾಳುವನ್ನು ಕುತ್ತಿಗೆ ಅಲುಗದಂತೆ ಹೊರತೆಗೆಯುವುದು, ಹತ್ತು ಜನ ಬಿದ್ದಿದ್ದರೆ ಮೊದಲು ಯಾರನ್ನು ನೋಡಬೇಕೆಂದು ನಿರ್ಧರಿಸುವುದು. ಆಸ್ಪತ್ರೆಯಲ್ಲಿ ಡಾಕ್ಟರ್ ಪಕ್ಕದ ಕೋಣೆಯಲ್ಲಿರುತ್ತಾರೆ, ಇಲ್ಲಿ ಫೋನಿನಲ್ಲಿರುತ್ತಾರೆ.

ಈ ಉಳಿದರ್ಧವನ್ನಷ್ಟೇ ಕಲಿಸುವುದು ಬ್ರಿಡ್ಜ್ ಕೋರ್ಸ್. ಅಮೆರಿಕದ ಕೆಲವು ಕಾಲೇಜುಗಳು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿಯುವ ಪ್ಯಾರಾಮೆಡಿಕ್ ಓದನ್ನು ನರ್ಸ್‌ಗಳಿಗೆ ಕೆಲವೇ ತಿಂಗಳಿಗೆ ಇಳಿಸಿವೆ. ಸ್ವೀಡನ್ನಿನಲ್ಲಿ 2005ರಿಂದ ತುರ್ತು ಆಂಬುಲೆನ್ಸಿನಲ್ಲಿ ಕನಿಷ್ಠ ಒಬ್ಬ ನೋಂದಾಯಿತ ನರ್ಸ್ ಇರಲೇಬೇಕು.

ನಮ್ಮಲ್ಲಿ ತೊಡಕು ಪದದಿಂದಲೇ ಶುರು. ‘ಪ್ಯಾರಾಮೆಡಿಕಲ್’ ಎಂದರೆ ಲ್ಯಾಬ್, ಎಕ್ಸ್‌ರೇ ಕೋರ್ಸ್ ಎಂದೇ ಜನರ ಲೆಕ್ಕ. 2021ರ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಪ್ಯಾರಾಮೆಡಿಕ್‌ಗಳನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಅದರ ಪ್ರಕಾರ ಡಿಪ್ಲೊಮಾ ಮಟ್ಟದ ಓದಿಗೆ ಕನಿಷ್ಠ 2000 ಗಂಟೆ ಬೇಕು. ನರ್ಸ್‌ಗಳದ್ದು ಬೇರೆಯೇ ಕಾಯ್ದೆ: 1947ರದ್ದು, ಅದರ ಜಾಗಕ್ಕೆಂದು 2023ರಲ್ಲಿ ಬಂದದ್ದು ಇನ್ನೊಂದು. ಎರಡು ದಡ ಇವೆ, ನಡುವೆ ಸೇತುವೆ ಕಟ್ಟಿಲ್ಲ. ಹೀಗಾಗಿ ಆಂಬುಲೆನ್ಸ್ ಸೇರುವ ನರ್ಸಿಗೆ ಸಿಗುವುದು ಕೆಲಸ ಕೊಟ್ಟ ಸಂಸ್ಥೆಯೇ ನಡೆಸುವ ಕೆಲವು ವಾರಗಳ ತರಬೇತಿ. ಕೆಲಸಕ್ಕೆ ಅದು ಅಗತ್ಯ, ಆದರೆ ಪ್ಯಾರಾಮೆಡಿಕ್ ಪದವಿಗೆ ಸಮವಲ್ಲ.

ಸೇತುವೆ ಕಟ್ಟುವುದು ಹೊಸ ವಿದ್ಯೆಯೇನಲ್ಲ. ಆಯುಷ್ಮಾನ್ ಭಾರತ ಯೋಜನೆಯಡಿ ನರ್ಸ್‌ಗಳು ಆರು ತಿಂಗಳ ಬ್ರಿಡ್ಜ್ ತರಬೇತಿ ಪಡೆದು ಹಳ್ಳಿಗಳ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿದ್ದಾರೆ. ಅದೇ ದಾರಿಯನ್ನು ಆಂಬುಲೆನ್ಸಿನ ಕಡೆಗೂ ತಿರುಗಿಸಬಹುದು.

ಅಲ್ಲಿಯವರೆಗೆ, ಬ್ರಿಡ್ಜ್ ಕೋರ್ಸ್ ಎಂಬ ಜಾಹೀರಾತು ಕಂಡ ನರ್ಸ್‌ಗಳು ಶುಲ್ಕ ಕಟ್ಟುವ ಮುಂಚೆ ಎರಡು ವಿಷಯ ಕೇಳಿಕೊಳ್ಳುವುದು ಒಳ್ಳೆಯದು: ಪ್ರಮಾಣಪತ್ರಕ್ಕೆ ಯಾವ ಮಂಡಳಿಯ ಮಾನ್ಯತೆ ಇದೆ, ಮತ್ತು ಓಡುವ ಆಂಬುಲೆನ್ಸಿನಲ್ಲಿ ಎಷ್ಟು ಗಂಟೆ ಅಭ್ಯಾಸ ಮಾಡಿಸುತ್ತಾರೆ.