ಸಮವಸ್ತ್ರ ಕಳಚಿದ ಮೇಲೆ ಪೌರತ್ವದ ಪ್ರಶ್ನೆ

ಸೇನೆಯಲ್ಲಿ ದುಡಿದು ಬಂದವನು ದೇಶ ಬಿಟ್ಟು ಹೋಗಬಹುದೇ, ಹೋದಮೇಲೆ ಭಾರತದ ಪೌರತ್ವವನ್ನೂ ಬಿಡಬಹುದೇ ಎಂದರೆ ಕಾನೂನು ಎರಡಕ್ಕೂ ಹೂಂ ಎನ್ನುತ್ತದೆ. ಒಲ್ಲೆ ಎನ್ನುವುದು ಜನರ ನಾಲಿಗೆ. 2023ರ ಫೆಬ್ರುವರಿಯಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ರಾಜ್ಯಸಭೆಗೆ ಕೊಟ್ಟ ಲೆಕ್ಕದಂತೆ, 2022ರ ಒಂದೇ ವರ್ಷದಲ್ಲಿ 2,25,620 ಮಂದಿ ಭಾರತದ ಪೌರತ್ವ ಬಿಟ್ಟರು. 2011ರಿಂದ ಅಲ್ಲಿಯವರೆಗಿನ ಒಟ್ಟು ಸಂಖ್ಯೆ 16 ಲಕ್ಷ ದಾಟಿತ್ತು. ಇಂಥ ಅಂಕಿ ಹೊರಬಿದ್ದಾಗಲೆಲ್ಲ ‘ದೇಶದ ಅನ್ನ ಉಂಡು ಓಡಿಹೋದವರು’ ಎಂಬ ಮಾತು ಏಳುತ್ತದೆ. ಹೋದವನು ಮಾಜಿ ಸೈನಿಕನಾಗಿದ್ದರೆ ಅದೇ ಮಾತು ದ್ರೋಹದ ಆರೋಪವಾಗುತ್ತದೆ. ಈ ಆರೋಪ ಅನ್ಯಾಯದ್ದು. ಹಾಗೆಂದು ಹೋಗುವುದನ್ನೂ ಪೌರತ್ವ ಬಿಡುವುದನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ಸರಿಯಲ್ಲ. ಮೊದಲನೆಯದು ಹೊಟ್ಟೆಪಾಡಿನ ನಿರ್ಧಾರ, ಎರಡನೆಯದು ಹಕ್ಕುಗಳ ನಿರ್ಧಾರ. ಇವೆರಡನ್ನೂ ಬೇರೆಬೇರೆಯಾಗಿ ತೂಗಿ ನೋಡುವ ತಿಳಿವಳಿಕೆಯನ್ನು ಸೈನಿಕನಿಗೆ ಕೊಡಬೇಕಾದದ್ದು ಸರ್ಕಾರ. ಅದು ಈ ಕೆಲಸ ಮಾಡುತ್ತಿಲ್ಲ.

ಮಹಾರಾಷ್ಟ್ರದ ಸಾಂಗ್ಲಿ, ಮಿರಜ್ ಭಾಗದಲ್ಲಿ ಈ ಪ್ರಶ್ನೆ ದೂರದ್ದಲ್ಲ. ಕೃಷ್ಣೆಯ ದಂಡೆಗೆ ಕಬ್ಬು, ದ್ರಾಕ್ಷಿ, ಅರಿಸಿನ ಬೆಳೆಯುವ ಜಿಲ್ಲೆಯಿದು. ಪೂರ್ವದ ಜತ್ ತಾಲ್ಲೂಕಿನ ಕನ್ನಡ ಹಳ್ಳಿಗಳು ಮಾತ್ರ ಬರದ ಸೀಮೆಯವು. ಮಿರಜ್ ತಾಲ್ಲೂಕಿನ ಮ್ಹೈಸಾಳದಿಂದ ಏತ ನೀರಾವರಿಯಲ್ಲಿ ನೀರು ಹತ್ತಿಸುವ ಯೋಜನೆ ಬಂದರೂ ಅಲ್ಲಿನ ಎಷ್ಟೋ ಕುಟುಂಬಗಳು ಇಂದಿಗೂ ಕಬ್ಬು ಕಡಿಯಲು ಗುಳೆ ಹೋಗುತ್ತವೆ. ಖಾನಾಪುರ, ಆಟಪಾಡಿಯ ಕಡೆಯವರು ಚಿನ್ನ ಕರಗಿಸಿ ಶುದ್ಧ ಮಾಡುವ ಗಲಾಯಿ ಕಸುಬು ಹಿಡಿದು ದೇಶದ ಊರೂರಿಗೆ ಹೋಗಿ ನೆಲೆಸಿದ್ದಾರೆ. ಓದಿಗೂ ಹೊಲಕ್ಕೂ ನಡುವೆ ಸಿಕ್ಕಿಬಿದ್ದ ಹುಡುಗನಿಗೆ ಉಳಿದ ದಾರಿ ಸೇನೆಗೆ ‘ಭರ್ತಿ’ಯಾಗುವುದು. ಬೆಳಗಿನ ಐದಕ್ಕೆ ಊರ ಹೊರಗಿನ ಡಾಂಬರು ರಸ್ತೆಯಲ್ಲಿ 1,600 ಮೀಟರು ಓಡುವ ಹುಡುಗರು, ಮಿರಜ್ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆದ ಕಪ್ಪು ತಗಡಿನ ಟ್ರಂಕು, ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೆ ಹೋಗುವ ರೈಲು: ಈ ಭಾಗದ ಮಂದಿಗೆ ಇವು ಕಣ್ಣಳತೆಯ ಚಿತ್ರಗಳು. ಹೊಟ್ಟೆಪಾಡಿಗಾಗಿ ಊರು ಬಿಡುವುದನ್ನು ಇಲ್ಲಿ ಯಾರೂ ಪಾಪವೆಂದು ಕಂಡಿಲ್ಲ.

ಹಿಂದೆ ಆ ಟ್ರಂಕು ಊರಿಗೆ ಮರಳುವಾಗ ಪಿಂಚಣಿಯೂ ಜೊತೆಗೆ ಬರುತ್ತಿತ್ತು. ಜವಾನನೊಬ್ಬ 15 ವರ್ಷ ಸೇವೆ ಮುಗಿಸಿದರೆ ಜೀವಮಾನದ ಪಿಂಚಣಿ, ಮಾಜಿ ಸೈನಿಕನೆಂಬ ಸ್ಥಾನ, ಕ್ಯಾಂಟೀನು, ವೈದ್ಯಕೀಯ ಸೌಲಭ್ಯ ಎಲ್ಲ ಸಿಗುತ್ತಿದ್ದವು. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆ ಈ ಲೆಕ್ಕವನ್ನೇ ಬದಲಿಸಿತು. ಅದರಡಿ ಸೇರುವ ಅಗ್ನಿವೀರನ ಸೇವೆ ತರಬೇತಿಯೂ ಸೇರಿ ನಾಲ್ಕು ವರ್ಷ. ತಂಡದಲ್ಲಿ ಶೇ 25ರಷ್ಟು ಮಂದಿ ಮಾತ್ರ ಕಾಯಂ ಆಗಬಹುದು. ಉಳಿದವರಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಎಂದು ಸರ್ಕಾರ ಘೋಷಿಸಿತು. ಅದರ ಅರ್ಧ ಅವರದೇ ಸಂಬಳದಿಂದ ಕಡಿತವಾದ ಹಣ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕನ ಸ್ಥಾನವೂ ಇಲ್ಲ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿ ಕೊಟ್ಟಿದ್ದಾರೆ ನಿಜ, ಆದರೆ ಅದು ಸ್ಪರ್ಧಿಸುವ ಅವಕಾಶ. ಕೈಗೆ ಸಿಕ್ಕ ನೌಕರಿಯಲ್ಲ. 2022ರ ಕೊನೆಗೆ, 2023ರ ಆರಂಭಕ್ಕೆ ಸೇರಿದ ಮೊದಲ ತಂಡಗಳ ಅವಧಿ ತುಂಬುವುದು 2026ರ ಕೊನೆಯಿಂದ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿಗೆ, ಮೈಯಲ್ಲಿ ಕಸುವೂ ಕೈಯಲ್ಲಿ ಒಂದಿಷ್ಟು ದುಡ್ಡೂ ಇಟ್ಟುಕೊಂಡು ಊರಿಗೆ ಬರುವ ಹುಡುಗನಿಗೆ ಮೊದಲು ಎದುರಾಗುವವನು ವೀಸಾ ಏಜೆಂಟ್.

ಇಂಥ ಹುಡುಗ ವಿಮಾನ ಹತ್ತಿದರೆ ಯಾವ ಋಣ ತಪ್ಪಿಸಿಕೊಂಡಂತಾಯಿತು? ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ನೆಲ, ಜಲ, ವಾಯುಮಾರ್ಗವಾಗಿ ಹೇಳಿದ ಕಡೆ ಹೋಗುತ್ತೇನೆ, ಪ್ರಾಣಾಪಾಯವಿದ್ದರೂ ಆಜ್ಞೆ ಪಾಲಿಸುತ್ತೇನೆ ಎಂದು ಸೈನಿಕ ಪ್ರಮಾಣ ಮಾಡುತ್ತಾನೆ. ಆಜ್ಞೆ ಕೊಟ್ಟಷ್ಟು ಕಾಲ ಅವನು ಪಾಲಿಸಿದ್ದಾನೆ. ಬಿಡುಗಡೆಯ ಪತ್ರವನ್ನು ಸೇನೆಯೇ ಕೈಗಿತ್ತಿದೆ. ಸೇವೆಯಲ್ಲಿ ತಿಳಿದ ಗುಟ್ಟುಗಳನ್ನು ಬಯಲು ಮಾಡದಂತೆ 1923ರ ಅಧಿಕೃತ ರಹಸ್ಯ ಕಾಯ್ದೆ ಬಿಡುಗಡೆಯ ನಂತರವೂ ಅವನನ್ನು ಕಟ್ಟಿಹಾಕುತ್ತದೆ. 1955ರ ಪೌರತ್ವ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ವಯಸ್ಕ ಪ್ರಜೆ ಪೌರತ್ವ ತ್ಯಜಿಸಬಹುದು, ಆದರೆ ಭಾರತ ಯುದ್ಧದಲ್ಲಿ ತೊಡಗಿರುವಾಗ ಆ ಘೋಷಣೆಯ ನೋಂದಣಿಯನ್ನು ತಡೆಹಿಡಿಯಲಾಗುತ್ತದೆ. ದೇಶದ ಭದ್ರತೆಗೆ ಬೇಕಾದ ಬೇಲಿಯನ್ನು ಕಾಯ್ದೆಯೇ ಹಾಕಿರುವಾಗ ಊರ ಮಂದಿ ಅದರ ಮೇಲೆ ಮುಳ್ಳು ಹೇರುವ ಅಗತ್ಯವಿಲ್ಲ.

ಸಾರ್ವಜನಿಕರ ಹಣದಲ್ಲಿ ತರಬೇತಿ ಪಡೆದವನು ಹೊರಗೆ ಹೋಗಬಾರದು ಎಂಬ ವಾದಕ್ಕೆ ಮಿರಜಿನಲ್ಲೇ ಉತ್ತರವಿದೆ. ಇದು ಆಸ್ಪತ್ರೆಗಳ ಊರು, ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಸರ್ಕಾರಿ ಕಾಲೇಜಿನಲ್ಲಿ ಕಲಿತ ವೈದ್ಯ ಅಮೆರಿಕದ ಪ್ರಜೆಯಾಗಿ ಮರಳಿದರೆ ನಮ್ಮ ಊರುಗಳಲ್ಲಿ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಸನ್ಮಾನಿಸುತ್ತಾರೆ. ಮೈನಸ್ ಚಳಿಯಲ್ಲಿ ಗಡಿ ಕಾದ ಜವಾನ ಅದೇ ದಾರಿ ಹಿಡಿದರೆ ದ್ರೋಹಿ ಎನ್ನುತ್ತಾರೆ. ಹೆಚ್ಚು ಕೊಟ್ಟವನಿಂದಲೇ ಇನ್ನೂ ಹೆಚ್ಚು ಕೇಳುವ ಈ ತಕ್ಕಡಿ ಸರಿಯಿಲ್ಲ. ನಿಷ್ಠೆಯನ್ನು ಕಾಗದದಿಂದ ಅಳೆಯುವುದು ಎಷ್ಟು ಕಷ್ಟ ಎಂಬುದನ್ನೂ ಈ ನೆಲವೇ ಕಲಿಸಿದೆ. ಸಾಂಗ್ಲಿ, ಮಿರಜಿನ ಪಟವರ್ಧನರ ಸಂಸ್ಥಾನಗಳ ಪ್ರಜೆಗಳಾಗಿದ್ದವರು 1948ರಲ್ಲಿ ಮುಂಬಯಿ ಪ್ರಾಂತದವರಾದರು, 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಯವರಾದರು, 1960ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯವರಾದರು. ಜತ್ತಿನ ಕನ್ನಡಿಗರನ್ನು ಗಡಿ ವಿವಾದದ ಕುರಿತ 1967ರ ಮಹಾಜನ ವರದಿ ಅಂದಿನ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕ) ಸೇರಿಸಬೇಕೆಂದಿತು, ಅದು ಜಾರಿಯಾಗಲಿಲ್ಲ. ಮನೆಯ ಹೊಸ್ತಿಲು ದಾಟದೆಯೇ ಇಷ್ಟೆಲ್ಲ ಬದಲಾವಣೆ ಕಂಡವರು ತಮ್ಮ ಊರು, ನುಡಿ, ನಂಟನ್ನು ಬಿಟ್ಟುಕೊಡಲಿಲ್ಲ.

ಇಷ್ಟಾದರೂ ಪೌರತ್ವವೆಂದರೆ ಬರೀ ಕಾಗದ, ಬಿಟ್ಟರೇನು ನಷ್ಟ ಎನ್ನುವವರ ಮಾತನ್ನು ಒಪ್ಪಲಾಗದು. ನಷ್ಟ ದೊಡ್ಡದು, ಅದನ್ನು ಬಿಡಿಸಿ ಹೇಳುವವರೇ ಕಡಿಮೆ. ಭಾರತದ ಸಂವಿಧಾನ ಎರಡು ಪೌರತ್ವಕ್ಕೆ ಅವಕಾಶ ಕೊಟ್ಟಿಲ್ಲ. ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ತಾನಾಗಿ ಮುಗಿಯುತ್ತದೆ, ಅರ್ಜಿಯೂ ಬೇಕಿಲ್ಲ. ಆ ಬಳಿಕ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಬೇಕು. ಅದು ಮೂಲೆ ಕತ್ತರಿಸಿಕೊಂಡು, ‘ರದ್ದು’ ಎಂಬ ಮೊಹರು ಹೊತ್ತು ವಾಪಸು ಬರುತ್ತದೆ. ಅನಂತರ ಸಿಗುವ ಸಾಗರೋತ್ತರ ಪೌರತ್ವದ (ಒಸಿಐ) ಕಾರ್ಡ್ ಹೆಸರಿಗಷ್ಟೇ ಪೌರತ್ವ. ಅದು ಆಯುಷ್ಯಪೂರ್ತಿ ವೀಸಾ ಕೊಡುತ್ತದೆ. ಮತ ಕೊಡುವುದಿಲ್ಲ, ಚುನಾವಣೆಗೆ ನಿಲ್ಲಲು ಬಿಡುವುದಿಲ್ಲ, ಕೃಷಿ ಜಮೀನು ಕೊಳ್ಳಲು ಬಿಡುವುದಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದ ಹೊಲದ ಸಾತ್‌ಬಾರಾ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಉಳಿಯಬಹುದು, ಪಕ್ಕದ ಅರ್ಧ ಎಕರೆಯನ್ನು ದುಡಿದ ದುಡ್ಡಿನಿಂದ ಕೊಳ್ಳುವಂತಿಲ್ಲ. ಹೊಲ ಕೊಳ್ಳುವ ಕನಸಿಗಾಗಿಯೇ ಹೊರದೇಶಕ್ಕೆ ಹೋದ ಒಕ್ಕಲು ಮನೆಯ ಮಗನಿಗೆ ಇದು ಸಣ್ಣ ಮಾತಲ್ಲ. ಮರಳಿ ಪ್ರಜೆಯಾಗಬೇಕೆಂದರೆ ಆ ಕಾರ್ಡ್ ಪಡೆದು ಐದು ವರ್ಷವಾಗಿರಬೇಕು, ಅರ್ಜಿಗೆ ಮುಂಚೆ ಹನ್ನೆರಡು ತಿಂಗಳು ಇಲ್ಲಿ ವಾಸವಿರಬೇಕು. 8ನೇ ಸೆಕ್ಷನ್ನಿನಡಿ ಪೌರತ್ವ ತ್ಯಜಿಸಿದವನ ಅಪ್ರಾಪ್ತ ಮಕ್ಕಳ ಪೌರತ್ವವೂ ಹೋಗುತ್ತದೆ; ಅದನ್ನು ಮರಳಿ ಪಡೆಯಲು ಅವರಿಗಿರುವುದು ವಯಸ್ಕರಾದ ಮೇಲಿನ ಒಂದು ವರ್ಷ ಮಾತ್ರ.

ಆಪತ್ತಿನಲ್ಲಿ ಪೌರತ್ವದ ಬೆಲೆ ಇನ್ನೂ ನಿಚ್ಚಳವಾಗುತ್ತದೆ. ಕತಾರಿನಲ್ಲಿ ಕೆಲಸಕ್ಕಿದ್ದ ಭಾರತೀಯ ನೌಕಾಪಡೆಯ ಎಂಟು ಮಂದಿ ಮಾಜಿ ಸಿಬ್ಬಂದಿಯನ್ನು 2022ರ ಆಗಸ್ಟಿನಲ್ಲಿ ಬಂಧಿಸಲಾಯಿತು. 2023ರ ಅಕ್ಟೋಬರಿನಲ್ಲಿ ಮರಣದಂಡನೆಯಾಯಿತು, ಡಿಸೆಂಬರಿನಲ್ಲಿ ಅದು ಜೈಲುಶಿಕ್ಷೆಗೆ ಇಳಿಯಿತು, 2024ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಅಷ್ಟೂ ಕಾಲ ಭಾರತ ಸರ್ಕಾರ ಅವರ ಪರವಾಗಿ ಮಾತಾಡಲು ಆಧಾರವಾದದ್ದು ಅವರು ತನ್ನ ಪ್ರಜೆಗಳೆಂಬ ಒಂದೇ ನಂಟು. ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧದ ಬಾಯಿಗೆ ಬಿದ್ದ ಕಲಬುರಗಿಯ ಯುವಕರು 2024ರಲ್ಲಿ ಊರು ಸೇರಿದ್ದರ ಹಿಂದೆಯೂ ಇದ್ದದ್ದು ಅದೇ ನಂಟು.

ಆದ್ದರಿಂದ ನಿರ್ಧಾರಗಳಿಗೆ ಒಂದು ಕ್ರಮವಿರಬೇಕು: ಮೊದಲು ಕೆಲಸ, ಆಮೇಲೆ ಕಾಯಂ ವಾಸದ ಪರವಾನಗಿ, ಪೌರತ್ವದ ಮಾತು ಎಲ್ಲಕ್ಕಿಂತ ಕೊನೆಗೆ. ಕೊಲ್ಲಿ ರಾಷ್ಟ್ರಗಳಿಗೆ ಕಾವಲಿನ ಕೆಲಸಕ್ಕೆ ಹೋಗುವವರಿಗೆ ಅಲ್ಲಿನ ಪೌರತ್ವ ಸಿಗುವುದೇ ಅಪರೂಪ, ಹಾಗಾಗಿ ಅವರಿಗೆ ಈ ಪ್ರಶ್ನೆ ಏಳುವುದಿಲ್ಲ. ಜರ್ಮನಿ 2024ರ ಜೂನ್‌ನಿಂದ ಬಹುಪೌರತ್ವಕ್ಕೆ ಒಪ್ಪಿದೆ. ಮಹಾರಾಷ್ಟ್ರ ಸರ್ಕಾರವೂ ಅದೇ ವರ್ಷ ಅಲ್ಲಿನ ಬಾಡೆನ್-ವುರ್ಟೆಂಬರ್ಗ್ ರಾಜ್ಯಕ್ಕೆ ಕುಶಲ ಕೆಲಸಗಾರರನ್ನು ಕಳಿಸುವ ಒಪ್ಪಂದ ಮಾಡಿಕೊಂಡಿದೆ. ಆದರೆ ಜರ್ಮನಿ ಒಪ್ಪಿದರೂ ಭಾರತ ಒಪ್ಪದಿರುವುದರಿಂದ ಇಲ್ಲಿಂದ ಹೋದವನು ಒಂದನ್ನೇ ಇಟ್ಟುಕೊಳ್ಳಬೇಕು. ಅನಿವಾಸಿಯಾಗಿ ಭಾರತೀಯ ಪಾಸ್‌ಪೋರ್ಟನ್ನೇ ಉಳಿಸಿಕೊಂಡವನು ಮತದಾರರ ಪಟ್ಟಿಯಲ್ಲಿ ಹೆಸರಿಡಬಹುದು, ಊರಿಗೆ ಬಂದು ಮತ ಹಾಕಬಹುದು. ವಿದೇಶದಲ್ಲಿ ಮನೆ ಮಾಡಿ, ಮಕ್ಕಳನ್ನು ಅಲ್ಲೇ ಬೆಳೆಸಿ, ಕೊನೆಗೂ ಅಲ್ಲಿನವನಾಗುತ್ತೇನೆ ಎಂದು ಎಲ್ಲ ತಿಳಿದು ನಿರ್ಧರಿಸಿದವನ ಮಾತನ್ನು ಗೌರವದಿಂದ ಕೇಳಬೇಕು.

ಸೇವೆಯ ಬೆಲೆಯನ್ನು ಪೌರತ್ವದಿಂದ ಬೇರ್ಪಡಿಸಿ ನೋಡಿದ ಉದಾಹರಣೆ ಬ್ರಿಟನ್ನಿನ ಗೂರ್ಖಾ ಸೈನಿಕರದು. ನೇಪಾಳದ ಪ್ರಜೆಗಳಾಗಿಯೇ ದುಡಿದ ಅವರು ದೀರ್ಘ ಹೋರಾಟದ ನಂತರ 2009ರಲ್ಲಿ, ನಾಲ್ಕು ವರ್ಷ ಸೇವೆ ಮಾಡಿದ ಎಲ್ಲರಿಗೂ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಗೆದ್ದರು. ಪಾಸ್‌ಪೋರ್ಟ್ ಯಾವುದಾದರೂ ಇರಲಿ, ನಾಲ್ಕು ವರ್ಷದ ಸೇವೆಗೆ ಆ ದೇಶ ಋಣಿ ಎಂದು ಅಲ್ಲಿನ ಸಂಸತ್ತೇ ಸರ್ಕಾರವನ್ನು ಮಣಿಸಿತು. ಇಲ್ಲಿ ಅದೇ ನಾಲ್ಕು ವರ್ಷ ದುಡಿದ ಸ್ವಂತ ಪ್ರಜೆಗೆ ಮಾಜಿ ಸೈನಿಕನೆಂಬ ಹೆಸರನ್ನೂ ಕೊಡುತ್ತಿಲ್ಲ.

ಸರ್ಕಾರ ಮಾಡಬೇಕಾದದ್ದು ಮೂರು. ನಾಲ್ಕು ವರ್ಷ ಪೂರೈಸಿದ ಪ್ರತಿಯೊಬ್ಬನಿಗೂ ಮಾಜಿ ಸೈನಿಕನ ಸ್ಥಾನ ಕೊಡಬೇಕು. ತಾನು ಕೈಬಿಟ್ಟವನ ನಿಷ್ಠೆಯನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಉಳಿಯುವುದಿಲ್ಲ. ಪಿಂಚಣಿ, ಚಿಕಿತ್ಸೆ, ಜಮೀನು, ಮಕ್ಕಳ ಪೌರತ್ವ ಇವುಗಳ ಮೇಲೆ ವಲಸೆಯಿಂದ ಏನಾಗುತ್ತದೆ, ಪೌರತ್ವ ತ್ಯಾಗದಿಂದ ಏನಾಗುತ್ತದೆ ಎಂಬುದನ್ನು ಬೇರೆಬೇರೆಯಾಗಿ ಬರೆದ ಕೈಪಿಡಿಯನ್ನು ಬಿಡುಗಡೆಯ ಪತ್ರದ ಜೊತೆಗೇ ಕೊಡಬೇಕು, ಸಾಂಗ್ಲಿ ಜಿಲ್ಲೆಯಲ್ಲಿ ಮರಾಠಿಯ ಜೊತೆಗೆ ಕನ್ನಡದಲ್ಲೂ ಕೊಡಬೇಕು. ವಿದೇಶದಲ್ಲಿರುವ ಭಾರತೀಯರ ಕುರಿತ ಎಲ್.ಎಂ. ಸಿಂಘ್ವಿ ಸಮಿತಿ 2002ರಲ್ಲೇ ಶಿಫಾರಸು ಮಾಡಿದ ಇಬ್ಬಗೆಯ ಪೌರತ್ವವನ್ನು, ಕನಿಷ್ಠ ಸೇನೆಯಲ್ಲಿ ದುಡಿದವರ ಮಟ್ಟಿಗಾದರೂ, ಸಂಸತ್ತಿನಲ್ಲಿ ಮತ್ತೆ ಚರ್ಚೆಗೆ ತರಬೇಕು. ಅಲ್ಲಿಯವರೆಗೆ ಹೋಗುವವನು ಹೋಗಲಿ, ಪಾಸ್‌ಪೋರ್ಟ್ ಬಿಡುವ ಮುನ್ನ ಲೆಕ್ಕ ಪೂರ್ತಿ ಹಾಕಲಿ; ಊರಿನವರು ಅವನ ಮನೆಯ ಮುಂದೆ ನಿಂತು ದ್ರೋಹಿ ಎನ್ನುವುದನ್ನು ನಿಲ್ಲಿಸಲಿ.